ಲಂಕೇಶ್ ಪರಂಪರೆ: ಆಸ್ತಿ ಎಷ್ಟು, ಸಾಲ ಎಷ್ಟು?

ಆಯನೂರು: ಪತ್ರಿಕೆಗೆ ಮಾಲೀಕನೂ ತಾನೇ, ಸಂಪಾದಕನೂ ತಾನೇ, ಯಾರು ಸರಿ ಯಾರು ತಪ್ಪು ಎಂದು ತೀರ್ಪು ನೀಡುವವನೂ ತಾನೇ. ಹೀಗೆ ಬದುಕಿದ ವ್ಯಕ್ತಿ ಕಾಲವಾದ ಮೇಲೆ ಆತನ ಪತ್ರಿಕೆಯಿಂದ ಸಮಾಜಕ್ಕಾದ ಲಾಭ ನಷ್ಟಗಳನ್ನು ಲೆಕ್ಕ ಹಾಕುವುದು ಸುಲಭದ ಕೆಲಸವಲ್ಲ. ಅಮೆರಿಕದಲ್ಲಿ ‘ಪ್ಲೇಬಾಯ್’ ಪತ್ರಿಕೆಯ ಸ್ಥಾಪಕ ಹ್ಯೂ ಹೆಫ್ನರ್ ಕುರಿತು ಈ ಲೆಕ್ಕಾಚಾರ ಆತ 2017ರಲ್ಲಿ ನಿಧನನಾದಂದಿನಿಂದಲೂ ನಡೆದಿದೆ. ಕನ್ನಡದಲ್ಲಿ ಹೆಫ್ನರ್‌ನಂಥ ಪ್ರಕಾಶಕ ಯಾರೂ ಆಗಿಹೋಗಿಲ್ಲ. ಆದರೆ ಇದೇ ಬಗೆಯ ಬಾಕಿ ಲೆಕ್ಕವೊಂದು ಕನ್ನಡ ಪತ್ರಿಕೋದ್ಯಮದಲ್ಲಿಯೂ ಇದೆ. ಅದು ಕಪ್ಪು ಬಿಳುಪಿನ ಟ್ಯಾಬ್ಲಾಯ್ಡ್ ವಾರಪತ್ರಿಕೆಗಳದು. ಅದರ ಮೊದಲ ಪುಟ ತೆರೆದುಕೊಳ್ಳುವುದು ಪಿ. ಲಂಕೇಶ್ ಅವರ ಹೆಸರಿನಿಂದ.

ಶಿವಮೊಗ್ಗದಿಂದ ಸಾಗರದತ್ತ ಸಾಗುವ ಹೆದ್ದಾರಿಯಲ್ಲಿ ಆಯನೂರು ಇದೆ. ಲಂಕೇಶರು 1935ರ ಮಾರ್ಚ್ 8ರಂದು ಹುಟ್ಟಿದ ಕೊನಗವಳ್ಳಿಯೂ ಇದೇ ಶಿವಮೊಗ್ಗ ತಾಲ್ಲೂಕಿಗೆ ಸೇರಿದ್ದು. ಅಧಿಕಾರಸ್ಥರನ್ನು ಹೆದರದೆ ಪ್ರಶ್ನಿಸುವ ಗುಣ ಈ ಜಿಲ್ಲೆಗೆ ಹೊಸದಲ್ಲ. ಇದೇ ಹೆದ್ದಾರಿ ಹಿಡಿದು ಮುಂದೆ ಹೋದರೆ ಸಿಗುವ ಸಾಗರ ತಾಲ್ಲೂಕಿನಲ್ಲಿ 1951ರಲ್ಲಿ ಕಾಗೋಡು ಸತ್ಯಾಗ್ರಹ ನಡೆಯಿತು. ಶಾಂತವೇರಿ ಗೋಪಾಲಗೌಡರ ಸಮಾಜವಾದಿ ರಾಜಕಾರಣ ಬೇರೂರಿದ್ದು ಇದೇ ಮಲೆನಾಡಿನಲ್ಲಿ. ಲಂಕೇಶರ ಪತ್ರಿಕೆಯ ಧೈರ್ಯವನ್ನು ಈ ಹಿನ್ನೆಲೆಯಿಂದ ಬೇರ್ಪಡಿಸಿ ನೋಡಲಾಗದು.

ಹೆದ್ದಾರಿ ಬದಿಯ ಇಂಥ ಊರುಗಳ ಬಸ್ ನಿಲ್ದಾಣದ ಅಂಗಡಿಗಳೇ ಟ್ಯಾಬ್ಲಾಯ್ಡ್‌ಗಳಿಗೆ ಮಾರುಕಟ್ಟೆ ಒದಗಿಸಿದವು. ಬೀಡಾ ಅಂಗಡಿಯ ಹಗ್ಗಕ್ಕೆ ಕ್ಲಿಪ್ಪು ಹಾಕಿ ನೇತುಬಿಟ್ಟ ಪತ್ರಿಕೆಗಳಲ್ಲಿ ಸಾಹಿತ್ಯವೂ ಇರುತ್ತಿತ್ತು, ಭ್ರಷ್ಟಾಚಾರದ ವರದಿಯೂ ಇರುತ್ತಿತ್ತು, ಪರರ ಮನೆಯ ಮಾತೂ ಇರುತ್ತಿತ್ತು. ಕ್ಷೌರದ ಅಂಗಡಿಯಲ್ಲಿ ಗಂಡಸರು ಓದಿ ಮುಗಿಸಿದ ಅನೇಕ ಪತ್ರಿಕೆಗಳಿಗೆ ಮನೆಯ ಪಡಸಾಲೆಯೊಳಗೆ ಪ್ರವೇಶವಿರಲಿಲ್ಲ. ಈ ಮಿಶ್ರಣವನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂಬುದೇ ಇಂದಿನ ಪ್ರಶ್ನೆ.

ಹೆಫ್ನರ್ ಉದಾಹರಣೆ

ಹೋಲಿಕೆಗೆ ಮುನ್ನ ಒಂದು ಸ್ಪಷ್ಟನೆ ಅಗತ್ಯ. ಹೆಫ್ನರ್ ನಗ್ನಚಿತ್ರಗಳನ್ನು ಮಾರಿ ಸಾಮ್ರಾಜ್ಯ ಕಟ್ಟಿದ ಉದ್ಯಮಿ. ಲಂಕೇಶರು ಕವಿ, ಕಥೆಗಾರ, ನಾಟಕಕಾರ ಮತ್ತು ಚಲನಚಿತ್ರ ನಿರ್ದೇಶಕ. ಇಬ್ಬರೂ ಸಮಾನರೆಂದು ಹೇಳುವುದು ಈ ಬರಹದ ಉದ್ದೇಶವಲ್ಲ. ಆದರೆ ವಿವಾದಾಸ್ಪದ ಪ್ರಕಾಶಕನೊಬ್ಬನ ಪರಂಪರೆಯನ್ನು ಅಳೆಯುವಾಗ ಎಲ್ಲಿ ಎಡವುತ್ತೇವೆ ಎಂಬುದನ್ನು ಹೆಫ್ನರ್ ಪ್ರಕರಣ ಚೆನ್ನಾಗಿ ತೋರಿಸಿಕೊಡುತ್ತದೆ.

1926ರಲ್ಲಿ ಜನಿಸಿದ ಹೆಫ್ನರ್ ‘ಪ್ಲೇಬಾಯ್’ನ ಮೊದಲ ಸಂಚಿಕೆಯನ್ನು ಹೊರತಂದದ್ದು 1953ರ ಡಿಸೆಂಬರ್‌ನಲ್ಲಿ. ಇದು ಗಂಡಸರಿಗಾಗಿಯೇ ಇರುವ ಪತ್ರಿಕೆ, ಹೆಂಗಸರ ಕೈಗೆ ಸಿಕ್ಕರೆ ದಯವಿಟ್ಟು ಗಂಡಸರಿಗೆ ದಾಟಿಸಿ ಎಂಬರ್ಥದ ಮಾತನ್ನು ಆ ಸಂಚಿಕೆಯಲ್ಲೇ ಬರೆಯಲಾಗಿತ್ತು. ಅದೇ ಪತ್ರಿಕೆ 1954ರಲ್ಲಿ ರೇ ಬ್ರಾಡ್‌ಬರಿಯ ‘ಫ್ಯಾರನ್‌ಹೀಟ್ 451’ ಕಾದಂಬರಿಯನ್ನು ಧಾರಾವಾಹಿಯಾಗಿ ಪ್ರಕಟಿಸಿತು. 1965ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಸುದೀರ್ಘ ಸಂದರ್ಶನವನ್ನು ಅಚ್ಚು ಹಾಕಿತು. ವಾಕ್ ಸ್ವಾತಂತ್ರ್ಯ ಮತ್ತು ನಾಗರಿಕ ಹಕ್ಕುಗಳ ಪರವಾಗಿ ಹೆಫ್ನರ್ ಹಣವನ್ನೂ ಖರ್ಚು ಮಾಡಿದರು. 1972ರ ನವೆಂಬರ್ ಸಂಚಿಕೆ 70 ಲಕ್ಷಕ್ಕೂ ಹೆಚ್ಚು ಪ್ರತಿಗಳ ಮಾರಾಟ ಕಂಡಿತು. ಅಭಿಮಾನಿಗಳು ಇಂದಿಗೂ ಈ ಪಟ್ಟಿಯನ್ನೇ ಮುಂದಿಡುತ್ತಾರೆ.

ಇನ್ನೊಂದು ಪಟ್ಟಿಯೂ ಇದೆ. ಮೊದಲ ಸಂಚಿಕೆಯ ಭರ್ಜರಿ ಮಾರಾಟಕ್ಕೆ ಕಾರಣವಾದದ್ದು ಮರ್ಲಿನ್ ಮನ್ರೋ ಅವರ ನಗ್ನಚಿತ್ರ. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ, 1949ರಲ್ಲಿ, ಆಕೆ ಕ್ಯಾಲೆಂಡರ್ ಒಂದಕ್ಕಾಗಿ 50 ಡಾಲರ್ ಪಡೆದು ತೆಗೆಸಿಕೊಂಡಿದ್ದ ಚಿತ್ರವದು. ಹೆಫ್ನರ್ ಅದನ್ನು ಕೊಂಡದ್ದು ಕ್ಯಾಲೆಂಡರ್ ಕಂಪೆನಿಯಿಂದ, 500 ಡಾಲರ್‌ಗೆ. ಪತ್ರಿಕೆಯಿಂದ ಮನ್ರೋಗೆ ಬಿಡಿಗಾಸೂ ಸಿಗಲಿಲ್ಲ. ಅನಂತರ 1992ರಲ್ಲಿ ಹೆಫ್ನರ್ 75 ಸಾವಿರ ಡಾಲರ್ ತೆತ್ತು ಆಕೆಯ ಸಮಾಧಿಯ ಪಕ್ಕದ ಜಾಗವನ್ನೂ ಕೊಂಡು, ಕೊನೆಗೆ ಅಲ್ಲೇ ಮಣ್ಣಾದರು. 1963ರಲ್ಲಿ ಪತ್ರಕರ್ತೆ ಗ್ಲೋರಿಯಾ ಸ್ಟೈನೆಮ್ ವೇಷ ಮರೆಸಿಕೊಂಡು ಪ್ಲೇಬಾಯ್ ಕ್ಲಬ್‌ನಲ್ಲಿ ಕೆಲಸಕ್ಕೆ ಸೇರಿ, ಅಲ್ಲಿನ ಹೆಣ್ಣುಮಕ್ಕಳ ದುಡಿಮೆಯ ಸ್ಥಿತಿಯನ್ನು ಬಯಲಿಗೆಳೆದರು. 2022ರ ಜನವರಿಯಲ್ಲಿ ಪ್ರಸಾರವಾದ ಸಾಕ್ಷ್ಯಚಿತ್ರ ಸರಣಿಯಲ್ಲಿ ಹೆಫ್ನರ್ ಜತೆಗಿದ್ದ ಹಲವು ಮಹಿಳೆಯರು ಗಂಭೀರ ಆರೋಪ ಮಾಡಿದರು. ಆಗ ನೂರಾರು ಮಾಜಿ ಉದ್ಯೋಗಿಗಳು ಸಹಿ ಹಾಕಿ ಹೆಫ್ನರ್ ಪರ ನಿಂತರೆ, ಪ್ಲೇಬಾಯ್ ಕಂಪೆನಿಯೇ ಸ್ಥಾಪಕನಿಂದ ದೂರ ಸರಿಯಿತು.

ಗಮನಿಸಬೇಕಾದ ಸಂಗತಿ ಒಂದಿದೆ. ಎರಡೂ ಪಟ್ಟಿಗಳು ನಿಜ. ಆದರೆ ಮೊದಲ ಪಟ್ಟಿಯನ್ನು ಓದುವವರು ಪ್ರಕಾಶಕನ ಕಡೆಯಿಂದ ನೋಡುತ್ತಾರೆ, ಎರಡನೆಯದನ್ನು ಓದುವವರು ಪುಟದಲ್ಲಿ ಚಿತ್ರವಾದವರ ಕಡೆಯಿಂದ ನೋಡುತ್ತಾರೆ. ಒಂದರಿಂದ ಇನ್ನೊಂದನ್ನು ಕಳೆದು ಶೇಷ ತೋರಿಸಲು ಬರುವುದಿಲ್ಲ. ಲಾಭವಾದದ್ದು ಒಬ್ಬರಿಗೆ, ಬೆಲೆ ತೆತ್ತವರು ಮತ್ತೊಬ್ಬರು. ಕನ್ನಡದ ಟ್ಯಾಬ್ಲಾಯ್ಡ್‌ಗಳ ವಿಷಯದಲ್ಲಿಯೂ ನಾವು ಕೇಳದೆ ಬಿಟ್ಟಿರುವುದು ಈ ಬೆಲೆ ತೆತ್ತವರ ಪ್ರಶ್ನೆಯನ್ನೇ.

ಜಾಹೀರಾತಿಲ್ಲದ ಧೈರ್ಯ

ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ, ಅನಂತರ ಬೆಂಗಳೂರಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಲಂಕೇಶರು ಸಿನಿಮಾಕ್ಕೂ ಬಂದರು. ‘ಪಲ್ಲವಿ’ (1976) ಚಿತ್ರಕ್ಕಾಗಿ ಅತ್ಯುತ್ತಮ ನಿರ್ದೇಶಕ ರಾಷ್ಟ್ರಪ್ರಶಸ್ತಿ ಪಡೆದರು. 1980ರಲ್ಲಿ ‘ಲಂಕೇಶ್ ಪತ್ರಿಕೆ’ ಆರಂಭಿಸಿದರು. ಆಗ ರಾಜ್ಯದಲ್ಲಿ ಆರ್. ಗುಂಡೂರಾವ್ ಸರ್ಕಾರವಿತ್ತು. ಅದೇ ವರ್ಷದ ಜುಲೈನಲ್ಲಿ ನರಗುಂದ ಮತ್ತು ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರ್ ನಡೆಯಿತು. ದಲಿತ ಚಳವಳಿ, ರೈತ ಚಳವಳಿ, ಗೋಕಾಕ್ ಚಳವಳಿ ಒಂದರ ಹಿಂದೊಂದು ಬಂದ ಕಾಲ. ದಿನಪತ್ರಿಕೆಗಳು ಅಳೆದು ತೂಗಿ ಬರೆಯುತ್ತಿದ್ದ ಸಂಗತಿಗಳನ್ನು ‘ಪತ್ರಿಕೆ’ ಬೀದಿಯ ಭಾಷೆಯಲ್ಲಿ ನೇರವಾಗಿ ಹೇಳಿತು. 1983ರ ಜನವರಿಯಲ್ಲಿ ಕಾಂಗ್ರೆಸ್ ಸೋತು ರಾಮಕೃಷ್ಣ ಹೆಗಡೆ ನೇತೃತ್ವದ ಸರ್ಕಾರ ಬಂದಾಗ, ಆ ಬದಲಾವಣೆಗೆ ಭೂಮಿ ಹದಗೊಳಿಸಿದ್ದರಲ್ಲಿ ಪತ್ರಿಕೆಯ ಪಾಲೂ ಇತ್ತೆಂಬುದನ್ನು ವಿರೋಧಿಗಳೂ ಒಪ್ಪಿದರು.

ಈ ಧೈರ್ಯದ ಹಿಂದೆ ಒಂದು ಅರ್ಥಶಾಸ್ತ್ರವಿತ್ತು. ಪತ್ರಿಕೆ ಜಾಹೀರಾತು ಪಡೆಯುತ್ತಿರಲಿಲ್ಲ. ಓದುಗ ಅಂಗಡಿಯಲ್ಲಿ ಕೊಡುವ ಚಿಲ್ಲರೆಯೇ ಅದರ ಆದಾಯ. ಬಣ್ಣವಿಲ್ಲದ ಮುದ್ರಣ, ಅಗ್ಗದ ಪತ್ರಿಕಾ ಕಾಗದ, ಸಣ್ಣ ಕಚೇರಿ. ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ನ್ಯೂಸ್‌ಪ್ರಿಂಟ್ ತಯಾರಿಕೆಗೆ ಇಳಿದದ್ದೂ ಅದೇ ದಶಕದಲ್ಲಿ. ಕಾರ್ಖಾನೆಯಲ್ಲಿ ಉತ್ಪಾದನೆ 2015ರಲ್ಲಿ ನಿಂತುಹೋಯಿತು. ಕಾಗದದ ಬೆಲೆ ಏರಿದಂತೆಲ್ಲ ಓದುಗನ ಚಿಲ್ಲರೆಯೊಂದನ್ನೇ ನಂಬಿ ಪತ್ರಿಕೆ ನಡೆಸುವುದು ಕಷ್ಟವಾಯಿತು. ಆದರೆ ಎರಡು ದಶಕ ಅದು ಸಾಧ್ಯವೆಂದು ತೋರಿಸಿಕೊಟ್ಟವರು ಲಂಕೇಶರು. ಸರ್ಕಾರದ ಜಾಹೀರಾತು ನಿಲ್ಲಿಸಿ ಬೆದರಿಸಬಹುದಾದ ಪತ್ರಿಕೆ ಅದಾಗಿರಲಿಲ್ಲ.

ಹೆಣ್ಣುಮಕ್ಕಳಿಗೆ ತೆರೆದ ಬಾಗಿಲು

ಹೆಫ್ನರ್ ಹೆಂಗಸರನ್ನು ಓದುಗರ ಸಾಲಿನಿಂದಲೇ ಹೊರಗಿಟ್ಟು ಪತ್ರಿಕೆ ಆರಂಭಿಸಿದರೆ, ಲಂಕೇಶರು ತಮ್ಮ ಪತ್ರಿಕೆಯನ್ನು ‘ಜಾಣ ಜಾಣೆಯರ ಪತ್ರಿಕೆ’ ಎಂದು ಕರೆದುಕೊಂಡರು. ಅದು ಬರಿಯ ಘೋಷವಾಕ್ಯವಾಗಿ ಉಳಿಯಲಿಲ್ಲ. ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಿನಲ್ಲಿ ನೆಲೆಸಿದ್ದ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೊದಲು ಧಾರಾವಾಹಿಯಾಗಿ ಬಂದದ್ದು ಈ ಪತ್ರಿಕೆಯಲ್ಲಿ. ತಲಾಖ್ ಪದ್ಧತಿಯಲ್ಲಿ ಬೆಂದುಹೋಗುವ ಹೆಣ್ಣಿನ ಕಥೆಯನ್ನು ಗೃಹಿಣಿಯೊಬ್ಬರು ಬರೆದು, ಅದು ಬಸ್ ನಿಲ್ದಾಣದ ಅಂಗಡಿಯ ಮೂಲಕ ಓದುಗರನ್ನು ತಲುಪಿದ್ದು ಸಣ್ಣ ಸಂಗತಿಯಲ್ಲ.

ಹಾಸನದ ಬಾನು ಮುಷ್ತಾಕ್ 1980ರ ದಶಕದಲ್ಲಿ ‘ಲಂಕೇಶ್ ಪತ್ರಿಕೆ’ಯ ವರದಿಗಾರ್ತಿಯಾಗಿದ್ದರು. ದೀಪಾ ಭಾಸ್ತಿ ಇಂಗ್ಲಿಷಿಗೆ ಅನುವಾದಿಸಿದ ಅವರ ಕಥೆಗಳ ಸಂಕಲನ ‘ಹಾರ್ಟ್ ಲ್ಯಾಂಪ್’ 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಗೆದ್ದಿತು. ಸಣ್ಣ ಊರಿನ ಮುಸ್ಲಿಂ ಹೆಣ್ಣುಮಗಳೊಬ್ಬಳು ಕೋರ್ಟು, ಕಚೇರಿ, ಠಾಣೆಗಳಿಗೆ ಅಲೆದು ವರದಿ ಬರೆಯಬಹುದೆಂಬ ವಿಶ್ವಾಸವನ್ನು ನಾಲ್ಕು ದಶಕಗಳ ಹಿಂದೆ ತೋರಿದ ಪತ್ರಿಕೆ ಯಾವುದು ಎಂದು ಕೇಳಿದರೆ ಉತ್ತರ ಇದೇ ಕಪ್ಪು ಬಿಳುಪು ಹಾಳೆ. ಪೂರ್ಣಚಂದ್ರ ತೇಜಸ್ವಿ ಅವರ ಪರಿಸರದ ಬರಹಗಳೂ ಇಲ್ಲಿ ಪ್ರಕಟವಾದವು. ದಲಿತ ಮತ್ತು ಹಿಂದುಳಿದ ವರ್ಗಗಳಿಂದ ಬಂದ ಒಂದು ತಲೆಮಾರಿನ ಲೇಖಕರಿಗೆ ಅದು ಮೊದಲ ವೇದಿಕೆಯಾಯಿತು. ಇದು ಆಸ್ತಿ. ಇದನ್ನು ಯಾರೂ ಅಲ್ಲಗಳೆಯಲಾರರು.

ಅಡ್ಡಹೆಸರಿನ ಇನ್ನೊಂದು ಮುಖ

ಈಗ ಸಾಲದ ಕಡೆಗೆ ಬರೋಣ. ಮುಖ್ಯಮಂತ್ರಿಯನ್ನು ‘ಗುಂ’ ಎಂದು ಕರೆದ ಪತ್ರಿಕೆ ಅಧಿಕಾರದ ಠೇಂಕಾರವನ್ನು ಒಂದೇ ಅಕ್ಷರದಲ್ಲಿ ಇಳಿಸಿತು ಎಂದು ಓದುಗರು ನಕ್ಕರು. ಪ್ರಜಾಪ್ರಭುತ್ವದಲ್ಲಿ ಆ ನಗುವಿಗೆ ಬೆಲೆಯಿದೆ. ಆದರೆ ಅಡ್ಡಹೆಸರಿಡುವ ಅಭ್ಯಾಸ ಮುಖ್ಯಮಂತ್ರಿಯ ಮಟ್ಟದಲ್ಲೇ ನಿಲ್ಲಲಿಲ್ಲ. ಆಳುವವರ ನೀತಿಯನ್ನು ಟೀಕಿಸುವುದರ ಜತೆಗೆ ಅವರ ಮೈಕಟ್ಟು, ನಡೆ, ಕುಡಿತ ಮತ್ತು ಸಂಬಂಧಗಳನ್ನು ಟೀಕಿಸುವುದೂ ಟ್ಯಾಬ್ಲಾಯ್ಡ್ ಬರವಣಿಗೆಯ ಲಕ್ಷಣವಾಯಿತು. ಸಹ ಸಾಹಿತಿಗಳ ಮೇಲೂ ಅದೇ ಲೇಖನಿ ಹರಿಯಿತು. ತೀರ್ಥಹಳ್ಳಿ ಸೀಮೆಯ ಯು.ಆರ್. ಅನಂತಮೂರ್ತಿ ಅವರಂಥ ಹಳೆಯ ಗೆಳೆಯರೂ ಆ ಮೊನಚಿನಿಂದ ಪಾರಾಗಲಿಲ್ಲ.

ಲಂಕೇಶರ ಸಮರ್ಥಕರು ಎರಡು ಮಾತು ಹೇಳುತ್ತಾರೆ. ಒಂದು, ಸಾರ್ವಜನಿಕ ಜೀವನಕ್ಕೆ ಬಂದವರಿಗೆ ಖಾಸಗಿತನವೆಂಬ ಆಶ್ರಯವಿಲ್ಲ. ಎರಡು, ಲಂಕೇಶರ ಬರಹದಲ್ಲಿ ವ್ಯಂಗ್ಯವಿತ್ತು, ಅಶ್ಲೀಲತೆ ಇರಲಿಲ್ಲ. ಎರಡರಲ್ಲಿಯೂ ಸತ್ಯಾಂಶವಿದೆ. ಅಷ್ಟು ದೊಡ್ಡ ಲೇಖಕನ ಕೈಯಲ್ಲಿ ನಿಂದೆಯೂ ಸಾಹಿತ್ಯದ ಮಟ್ಟ ಮುಟ್ಟುತ್ತಿತ್ತು. ತೊಂದರೆ ಇರುವುದು ಬೇರೆಡೆ. ರಾಜಕಾರಣಿಯ ‘ಸಂಬಂಧ’ದ ಸುದ್ದಿ ಬಂದಾಗ ರಾಜಕಾರಣಿಗೆ ತನ್ನ ಸಮಜಾಯಿಷಿ ಹೇಳಲು ವಿಧಾನಸಭೆಯಿತ್ತು, ಪತ್ರಿಕಾಗೋಷ್ಠಿಯಿತ್ತು, ಬೆಂಬಲಿಗರಿದ್ದರು. ಆ ಸುದ್ದಿಯಲ್ಲಿ ಹೆಸರೋ ಸುಳಿವೋ ಬಂದುಹೋದ ಹೆಣ್ಣಿಗೆ ಅವು ಯಾವುವೂ ಇರಲಿಲ್ಲ. ಚುನಾವಣೆಗೆ ಅವಳು ನಿಂತವಳಲ್ಲ, ಸರ್ಕಾರದ ಹಣ ಮುಟ್ಟಿದವಳಲ್ಲ. ಆದರೂ ಊರಿನ ಬಾಯಿಗೆ ಬಿದ್ದವಳು ಅವಳೇ. ಅವಳ ಉತ್ತರ ಪ್ರಕಟವಾಗುವ ಅಂಕಣ ಯಾವ ಟ್ಯಾಬ್ಲಾಯ್ಡಿನಲ್ಲಿಯೂ ಇರಲಿಲ್ಲ.

ಹೆಣ್ಣಿಗೆ ಬರೆಯುವ ಜಾಗ ಕೊಟ್ಟ ಪತ್ರಿಕೋದ್ಯಮವೇ ಹೆಣ್ಣನ್ನು ಸುದ್ದಿಯ ಸರಕಾಗಿಸುವ ದಾರಿಯನ್ನೂ ತೆರೆದಿಟ್ಟಿತು ಎಂಬುದು ಈ ಪರಂಪರೆಯ ವೈರುಧ್ಯ. ಎರಡಕ್ಕೂ ಮೂಲ ಒಂದೇ. ಯಾರಿಗೂ ಉತ್ತರ ಕೊಡಬೇಕಿಲ್ಲದ ಸಂಪಾದಕನ ಸ್ವಾತಂತ್ರ್ಯ ಒಳ್ಳೆಯ ದಿನ ಸಾರಾ ಅಬೂಬಕ್ಕರ್ ಅವರನ್ನು ಗುರುತಿಸಿತು, ಇನ್ನೊಂದು ದಿನ ಯಾರದೋ ಮನೆಯ ಬಾಗಿಲು ಒಡೆಯಿತು.

ವಾರಸುದಾರರ ಕಾಲ

2000ದ ಜನವರಿ 25ರಂದು ಲಂಕೇಶರು ನಿಧನರಾದರು. ಅಷ್ಟರಲ್ಲಿ ಟ್ಯಾಬ್ಲಾಯ್ಡ್ ಒಂದು ಉದ್ಯಮವಾಗಿ ಬೆಳೆದಿತ್ತು. ಬಳ್ಳಾರಿಯ ರವಿ ಬೆಳಗೆರೆ 1995ರಲ್ಲಿ ‘ಹಾಯ್ ಬೆಂಗಳೂರ್!’ ಆರಂಭಿಸಿ, ಅಪರಾಧ ಲೋಕದ ವರದಿಗಾರಿಕೆಗೆ ಕನ್ನಡದಲ್ಲಿ ಹೊಸ ಓದುಗ ವರ್ಗವನ್ನೇ ಸೃಷ್ಟಿಸಿದರು. ಅವರ ಗದ್ಯದ ಸೆಳೆತವನ್ನು ಅವರನ್ನು ಒಪ್ಪದವರೂ ಮೆಚ್ಚುತ್ತಿದ್ದರು. ‘ಹಿಮಾಲಯನ್ ಬ್ಲಂಡರ್’ನಂಥ ಅನುವಾದದ ಮೂಲಕ ಅವರು ಸಾವಿರಾರು ಯುವಕರನ್ನು ಪುಸ್ತಕದ ಕಡೆಗೆ ಎಳೆದರು. ಅದೇ ವೇಳೆಗೆ ಖಾಸಗಿ ಬದುಕಿನ ಬೇಟೆ, ವ್ಯಕ್ತಿದ್ವೇಷದ ಬರಹ ಎಂಬ ಆಕ್ಷೇಪಗಳೂ ಅವರನ್ನು ಬೆನ್ನಟ್ಟಿದವು. 2020ರ ನವೆಂಬರ್ 13ರಂದು ಅವರು ನಿಧನರಾದಾಗ ಬಂದ ಶ್ರದ್ಧಾಂಜಲಿಗಳು ಎರಡು ಹೋಳಾಗಿದ್ದವು. ಒಂದು ಕಡೆ ಮಾಂತ್ರಿಕ ಬರಹಗಾರ, ಇನ್ನೊಂದು ಕಡೆ ಲೇಖನಿಯನ್ನು ಆಯುಧವಾಗಿಸಿದಾತ. ಹೆಫ್ನರ್ ವಿಷಯದಲ್ಲಿ ಕಂಡ ಎರಡು ಪಟ್ಟಿಗಳೇ ಇಲ್ಲಿಯೂ ಕಂಡವು.

ಲಂಕೇಶರ ಮನೆಯಲ್ಲಿಯೂ ಪರಂಪರೆ ಎರಡಾಯಿತು. ನಕ್ಸಲ್ ವಿಷಯದ ವರದಿಯೊಂದನ್ನು ಕುರಿತು 2005ರಲ್ಲಿ ಭಿನ್ನಾಭಿಪ್ರಾಯ ತಲೆದೋರಿ, ಪುತ್ರ ಇಂದ್ರಜಿತ್ ಅವರಲ್ಲಿ ‘ಲಂಕೇಶ್ ಪತ್ರಿಕೆ’ ಉಳಿಯಿತು. ಪುತ್ರಿ ಗೌರಿ ‘ಗೌರಿ ಲಂಕೇಶ್ ಪತ್ರಿಕೆ’ ಎಂಬ ಹೊಸ ವಾರಪತ್ರಿಕೆ ಆರಂಭಿಸಿದರು. ತಂದೆಯಂತೆ ಅವರೂ ಜಾಹೀರಾತಿನ ಹಂಗಿಲ್ಲದೆ ಪತ್ರಿಕೆ ನಡೆಸಿದರು. 2008ರ ವರದಿಯೊಂದಕ್ಕೆ ಸಂಬಂಧಿಸಿ ಸಂಸದ ಪ್ರಲ್ಹಾದ ಜೋಶಿ ಮತ್ತು ಇನ್ನೊಬ್ಬರು ಹೂಡಿದ್ದ ಮಾನನಷ್ಟ ಮೊಕದ್ದಮೆಗಳಲ್ಲಿ ಹುಬ್ಬಳ್ಳಿ ನ್ಯಾಯಾಲಯ 2016ರ ನವೆಂಬರ್‌ನಲ್ಲಿ ಗೌರಿ ಅವರಿಗೆ ಆರು ತಿಂಗಳ ಶಿಕ್ಷೆ ವಿಧಿಸಿ, ಜಾಮೀನು ನೀಡಿತು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆಯ ಮುಂದೆಯೇ ಅವರನ್ನು ಗುಂಡಿಟ್ಟು ಕೊಲ್ಲಲಾಯಿತು. ಮಾತಿಗೆ ಮಾತು, ಆರೋಪಕ್ಕೆ ಮೊಕದ್ದಮೆ ಎಂಬುದು ನಾಗರಿಕ ಸಮಾಜದ ಕ್ರಮ. ಗುಂಡು ಯಾವ ಬರಹಕ್ಕೂ ಉತ್ತರವಲ್ಲ. ಟ್ಯಾಬ್ಲಾಯ್ಡ್‌ಗಳ ತಪ್ಪನ್ನು ಎತ್ತಿ ಹೇಳುವಾಗ ಈ ಗೆರೆಯನ್ನು ಮರೆಯುವಂತಿಲ್ಲ.

2017ರ ಮೂರು ಪಾಠ

ಅದೇ 2017ರಲ್ಲಿ ಇನ್ನೆರಡು ಘಟನೆಗಳು ನಡೆದವು. ಜೂನ್‌ನಲ್ಲಿ ಕರ್ನಾಟಕ ವಿಧಾನಸಭೆ, ಶಾಸಕರ ವಿರುದ್ಧ ಅವಹೇಳನಕಾರಿ ಬರಹ ಪ್ರಕಟಿಸಿದರೆಂದು ಹಕ್ಕುಬಾಧ್ಯತಾ ಸಮಿತಿಯ ಶಿಫಾರಸಿನಂತೆ ‘ಹಾಯ್ ಬೆಂಗಳೂರ್!’ ಮತ್ತು ‘ಯಲಹಂಕ ವಾಯ್ಸ್’ ಸಂಪಾದಕರಿಬ್ಬರಿಗೆ ಒಂದು ವರ್ಷ ಸೆರೆವಾಸ ಮತ್ತು 10 ಸಾವಿರ ರೂಪಾಯಿ ದಂಡ ವಿಧಿಸುವ ನಿರ್ಣಯ ಮಾಡಿತು. ಸಂಪಾದಕರು ಹೈಕೋರ್ಟ್ ಮೊರೆ ಹೋದರು. ದೂರು ಕೊಟ್ಟವರೂ ಶಾಸಕರು, ವಿಚಾರಣೆ ನಡೆಸಿದವರೂ ಶಾಸಕರು, ಶಿಕ್ಷೆ ಹೇಳಿದವರೂ ಶಾಸಕರು. ಟ್ಯಾಬ್ಲಾಯ್ಡ್ ಸಂಪಾದಕರ ಮೇಲೆ ಯಾವ ಆಕ್ಷೇಪವಿತ್ತೋ ಅದೇ ದೋಷವನ್ನು ಸದನ ತನ್ನ ಮೈಮೇಲೆ ಎಳೆದುಕೊಂಡಿತು.

ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ತೀರ್ಪಿತ್ತಿತು. ಆ ಮೊಕದ್ದಮೆಯ ಮೊದಲ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಅಂದರೆ ಖಾಸಗಿತನಕ್ಕೆ ಕಾನೂನಿನ ರಕ್ಷೆ ದೊರೆತ ವರ್ಷವೇ ಸದನ ಸಂಪಾದಕರಿಗೆ ಸೆರೆಮನೆ ವಿಧಿಸಲು ಹೊರಟಿತ್ತು, ದುಷ್ಕರ್ಮಿಗಳು ಸಂಪಾದಕಿಯೊಬ್ಬರ ಜೀವ ತೆಗೆದರು. ಪತ್ರಿಕೆಯನ್ನು ಹದ್ದುಬಸ್ತಿನಲ್ಲಿಡಲು ಅಧಿಕಾರ ಮತ್ತು ಹಿಂಸೆ ಎಂಬ ಎರಡು ಕೆಟ್ಟ ದಾರಿಗಳೂ, ಹಕ್ಕು ಎಂಬ ಒಂದು ಸರಿದಾರಿಯೂ ಒಂದೇ ವರ್ಷದಲ್ಲಿ ಕಂಡವು.

ವಾಸ್ತವವಾಗಿ ಈ ಸರಿದಾರಿಯ ನಕ್ಷೆ ಬಹಳ ಹಿಂದೆಯೇ ಸಿದ್ಧವಾಗಿತ್ತು. ತಮಿಳಿನ ‘ನಕ್ಕೀರನ್’ ಪತ್ರಿಕೆ ಮರಣದಂಡನೆಗೆ ಗುರಿಯಾಗಿದ್ದ ಆಟೋ ಶಂಕರ್‌ನ ಆತ್ಮಕಥೆ ಪ್ರಕಟಿಸಲು ಹೊರಟಾಗ ಅಧಿಕಾರಿಗಳು ತಡೆಯಲೆತ್ನಿಸಿದರು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲಿ ಸ್ಪಷ್ಟ ಗೆರೆ ಎಳೆಯಿತು. ಸಾರ್ವಜನಿಕ ಅಧಿಕಾರಿ ತನ್ನ ಕರ್ತವ್ಯ ನಿರ್ವಹಣೆಯ ಬಗ್ಗೆ ಬರುವ ಟೀಕೆಯನ್ನು ಖಾಸಗಿತನದ ಹೆಸರಿನಲ್ಲಿ ತಡೆಯುವಂತಿಲ್ಲ. ಆದರೆ ಯಾವುದೇ ಪ್ರಜೆಯ ಸಂಸಾರ, ದಾಂಪತ್ಯ, ತಾಯ್ತನ ಮುಂತಾದ ಸಂಗತಿಗಳನ್ನು ಆತನ ಅಥವಾ ಆಕೆಯ ಒಪ್ಪಿಗೆಯಿಲ್ಲದೆ ಪ್ರಕಟಿಸುವಂತಿಲ್ಲ. ಅದಾಗಲೇ ಸಾರ್ವಜನಿಕ ದಾಖಲೆಯಲ್ಲಿರುವುದನ್ನು ಬರೆಯಬಹುದು. ಆದರೆ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಹೆಣ್ಣಿನ ಹೆಸರು ಆಗಲೂ ಕೂಡದು. ಈ ಗೆರೆಯನ್ನು ಇಟ್ಟುಕೊಂಡು ಹಳೆಯ ಟ್ಯಾಬ್ಲಾಯ್ಡ್ ಸಂಚಿಕೆಗಳನ್ನು ತಿರುವಿದರೆ ಯಾವುದು ಪತ್ರಿಕಾಧರ್ಮ, ಯಾವುದು ಕದ್ದು ನೋಡುವ ಚಟ ಎಂಬುದು ತಾನಾಗಿ ಬೇರ್ಪಡುತ್ತದೆ.

ಕಾನೂನು ಯಾರ ಕೈಗೆಟಕುತ್ತದೆ?

ಗೆರೆ ಇದ್ದರೂ ಅದನ್ನು ಕಾಯುವವರು ದುರ್ಬಲರು. 1978ರ ಕಾಯ್ದೆಯಡಿ ಇರುವ ಪತ್ರಿಕಾ ಮಂಡಳಿಗೆ ಎಚ್ಚರಿಸುವ, ಖಂಡಿಸುವ ಅಧಿಕಾರವಿದೆ, ದಂಡ ಹಾಕುವ ಅಧಿಕಾರವಿಲ್ಲ. ಟಿ.ವಿ. ವಾಹಿನಿಗಳು ಅದರ ವ್ಯಾಪ್ತಿಗೇ ಬರುವುದಿಲ್ಲ. ಕ್ರಿಮಿನಲ್ ಮಾನನಷ್ಟದ ಕಾನೂನನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಎತ್ತಿಹಿಡಿಯಿತು. ಅದು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್ನಾಗಿ ಮುಂದುವರಿದಿದೆ. ಆದರೆ ವಕೀಲರನ್ನಿಟ್ಟು ವರ್ಷಗಟ್ಟಲೆ ಕೋರ್ಟಿಗೆ ಅಲೆಯುವ ಶಕ್ತಿ ಇರುವುದು ಉಳ್ಳವರಿಗೆ.

2021ರ ಮಾರ್ಚ್‌ನಲ್ಲಿ ಸಚಿವರೊಬ್ಬರು ಸಿ.ಡಿ. ಪ್ರಕರಣದಲ್ಲಿ ರಾಜೀನಾಮೆ ನೀಡಿದಾಗ ನಡೆದದ್ದು ಇದಕ್ಕೆ ಸಾಕ್ಷಿ. ಆರು ಮಂದಿ ಸಚಿವರು ಕೂಡಲೇ ಬೆಂಗಳೂರಿನ ಸಿವಿಲ್ ನ್ಯಾಯಾಲಯಕ್ಕೆ ಹೋಗಿ, ತಮ್ಮ ವಿರುದ್ಧ ಮಾನಹಾನಿಕರ ಸುದ್ದಿ ಪ್ರಕಟಿಸದಂತೆ ಅರವತ್ತಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳ ಮೇಲೆ ತಡೆಯಾಜ್ಞೆ ತಂದರು. ವಿಡಿಯೊದಲ್ಲಿದ್ದ ಯುವತಿಯ ವಿಷಯ ಮಾತ್ರ ವಾರಗಟ್ಟಲೆ ಚರ್ಚೆಯಾಯಿತು. ಗುಂಡೂರಾವ್ ಕಾಲದಲ್ಲಿ ಟ್ಯಾಬ್ಲಾಯ್ಡಿಗೆ ಹೆದರುತ್ತಿದ್ದವರು ಮಂತ್ರಿಗಳು. ಈಗ ಮಂತ್ರಿಗಳು ತಡೆಯಾಜ್ಞೆಯ ಹಿಂದೆ ಸುರಕ್ಷಿತರು, ಬಯಲಿನಲ್ಲಿ ನಿಂತವಳು ಹೆಣ್ಣು.

2024ರ ಏಪ್ರಿಲ್‌ನಲ್ಲಿ ಹಾಸನದಲ್ಲಿ ನಡೆದದ್ದು ಇನ್ನೂ ಘೋರ. ಲೋಕಸಭಾ ಚುನಾವಣೆಯ ಹೊಸ್ತಿಲಲ್ಲಿ ಪೆನ್‌ಡ್ರೈವ್‌ಗಳು ಹರಿದಾಡಿದವು. ಆಗಿನ ಸಂಸದ ಪ್ರಜ್ವಲ್ ರೇವಣ್ಣ ವಿರುದ್ಧದ ಆರೋಪಗಳು ಗಂಭೀರವಾಗಿದ್ದವು. ಒಂದು ಅತ್ಯಾಚಾರ ಪ್ರಕರಣದಲ್ಲಿ ವಿಶೇಷ ನ್ಯಾಯಾಲಯ 2025ರ ಆಗಸ್ಟ್‌ನಲ್ಲಿ ಅವರಿಗೆ ಜೀವಾವಧಿ ಶಿಕ್ಷೆಯನ್ನೂ ವಿಧಿಸಿತು. ಆದರೆ ಆ ವಿಡಿಯೊಗಳನ್ನು ಹಂಚಿದವರು ಹೆಣ್ಣುಮಕ್ಕಳ ಮುಖವನ್ನು ಮರೆಮಾಡುವ ಗೋಜಿಗೂ ಹೋಗಿರಲಿಲ್ಲ. ವಿಡಿಯೊ ಇಟ್ಟುಕೊಳ್ಳುವುದು, ಹಂಚುವುದು ಅಪರಾಧವೆಂದು ವಿಶೇಷ ತನಿಖಾ ತಂಡ ಎಚ್ಚರಿಕೆ ನೀಡಬೇಕಾಯಿತು. ದೌರ್ಜನ್ಯ ಬಯಲಿಗೆಳೆಯುತ್ತೇವೆ ಎಂಬ ನೆಪದಲ್ಲಿ ದೌರ್ಜನ್ಯಕ್ಕೊಳಗಾದವರನ್ನೇ ಬಯಲಿಗೆಳೆಯಲಾಯಿತು. ಬಾನು ಮುಷ್ತಾಕ್ ಕೈಗೆ ವರದಿಗಾರಿಕೆಯ ಲೇಖನಿ ಬಂದ ಊರೂ ಹಾಸನವೇ. ನಾಲ್ಕು ದಶಕಗಳಲ್ಲಿ ಆ ಪರಂಪರೆಯ ಯಾವ ಭಾಗ ಬೆಳೆದಿದೆ, ಯಾವ ಭಾಗ ಒಣಗಿದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಉಳಿಸಿಕೊಳ್ಳಬೇಕಾದದ್ದು ಯಾವುದು?

ಇಂದಿನ ಸುದ್ದಿವಾಹಿನಿಗಳು ಮತ್ತು ಯೂಟ್ಯೂಬ್ ಚಾನೆಲ್‌ಗಳಲ್ಲಿ ಹಲವು ತಾವು ಲಂಕೇಶ್ ಪರಂಪರೆಯ ವಾರಸುದಾರರೆಂದು ಹೇಳಿಕೊಳ್ಳುವುದುಂಟು. ಅಡ್ಡಹೆಸರು, ಏಕವಚನ, ಪರರ ಮಲಗುವ ಕೋಣೆಯ ಕುತೂಹಲ, ಇವೆಲ್ಲ ಅಲ್ಲಿ ಧಾರಾಳವಾಗಿವೆ. ಆದರೆ ಜಾಹೀರಾತಿನ ಹಂಗಿಲ್ಲದೆ ಓದುಗನೊಬ್ಬನಿಗೇ ಬದ್ಧವಾಗಿರುವ ಅರ್ಥವ್ಯವಸ್ಥೆ ಅಲ್ಲಿಲ್ಲ. ಹೊಸ ಲೇಖಕಿಯೊಬ್ಬಳನ್ನು ಹುಡುಕಿ ಬರೆಸುವ ತಾಳ್ಮೆ ಕಾಣುವುದು ಅಪರೂಪ. ಸಾಲವನ್ನಷ್ಟೇ ಹಂಚಿಕೊಂಡು ಆಸ್ತಿಯನ್ನು ಕೈಬಿಟ್ಟ ವಾರಸುದಾರಿಕೆ ಇದು.

ಲಂಕೇಶರನ್ನು ಪೂಜಿಸುವುದರಿಂದಾಗಲಿ ತಿರಸ್ಕರಿಸುವುದರಿಂದಾಗಲಿ ಈ ಲೆಕ್ಕ ಮುಗಿಯುವುದಿಲ್ಲ. ಪೂಜಿಸುವವರು ಅವರ ಬರಹದಿಂದ ನೊಂದವರನ್ನು ಮರೆಯುತ್ತಾರೆ, ತಿರಸ್ಕರಿಸುವವರು ಅವರಿಂದ ದನಿ ಪಡೆದವರನ್ನು ಮರೆಯುತ್ತಾರೆ. ಒಳಿತನ್ನು ತೋರಿಸಿ ಕೆಡುಕನ್ನು ಮನ್ನಾ ಮಾಡುವ ಹಕ್ಕು ಅಭಿಮಾನಿಗಳಿಗಿಲ್ಲ. ಮನ್ನಾ ಮಾಡುವುದಿದ್ದರೆ ಬೆಲೆ ತೆತ್ತವರು ಮಾಡಬೇಕು. ಅದೇ ರೀತಿ ಕೆಡುಕನ್ನು ತೋರಿಸಿ ಒಳಿತನ್ನು ಅಳಿಸುವುದೂ ಸಲ್ಲದು.

ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಆರೋಪ ಹೊತ್ತವರ ಉತ್ತರವನ್ನು ಆರೋಪದಷ್ಟೇ ಜಾಗದಲ್ಲಿ ಪ್ರಕಟಿಸುವುದು, ತಪ್ಪಾದಾಗ ಅದೇ ಪುಟದಲ್ಲಿ ತಿದ್ದುಪಡಿ ಹಾಕುವುದು, ಅಧಿಕಾರವಿಲ್ಲದವರ ಹೆಸರು, ಮುಖ, ಊರುಗಳ ಸುಳಿವು ಬಿಟ್ಟುಕೊಡದಿರುವುದು, ದೂರು ಕೇಳಲು ಸಂಪಾದಕನಲ್ಲದ ಇನ್ನೊಬ್ಬರನ್ನು ನೇಮಿಸುವುದು. ಇವಿಷ್ಟನ್ನು ಮಾಡಲು ಹೊಸ ಕಾನೂನು ಬೇಕಿಲ್ಲ. ಸರ್ಕಾರ ಇದರೊಳಗೆ ಕೈಹಾಕದಿರುವುದೇ ಕ್ಷೇಮ ಎಂಬುದನ್ನು 2017ರ ಸದನದ ನಿರ್ಣಯ ತೋರಿಸಿದೆ.

ಉಳಿದ ಹೊಣೆ ಓದುಗರದು. ‘ಲಂಕೇಶ್ ಪತ್ರಿಕೆ’ಯನ್ನು ಎರಡು ದಶಕ ಬದುಕಿಸಿದ್ದು ಓದುಗರ ಜೇಬಿನ ಚಿಲ್ಲರೆ. ಇಂದು ಚಿಲ್ಲರೆಯ ಜಾಗಕ್ಕೆ ಮೊಬೈಲ್ ಮೇಲಿನ ಬೆರಳು ಬಂದಿದೆ. ಮುಖ್ಯಮಂತ್ರಿಯ ಕಡತವನ್ನು ಬಿಚ್ಚಿಡುವ ವರದಿಗೆ ಆ ಬೆರಳು ಎಷ್ಟು ಬೇಗ ಹೋಗುತ್ತದೆ, ಹೆಸರಿಲ್ಲದ ಹೆಣ್ಣೊಬ್ಬಳ ವಿಡಿಯೊಗೆ ಎಷ್ಟು ಬೇಗ ಹೋಗುತ್ತದೆ ಎಂಬುದನ್ನು ಪ್ರತಿಯೊಬ್ಬ ಓದುಗನೂ ತನಗೆ ತಾನೇ ಕೇಳಿಕೊಳ್ಳಬೇಕು. ಲಂಕೇಶರು ಬಿಟ್ಟುಹೋದ ಆಸ್ತಿ ಉಳಿಯುವುದೋ, ಸಾಲವಷ್ಟೇ ಬೆಳೆಯುವುದೋ ಎಂಬುದು ಆ ಉತ್ತರವನ್ನು ಅವಲಂಬಿಸಿದೆ.